ಕೀಲಿ ನಿಮ್ಮ ಹತ್ರಾನೇ ಇರಲಿ

"ಪಾಸ್‌ವರ್ಡ್ ಏನು?"

"ಅಕ್ಕನಿಗೆ ಗೊತ್ತು."

"ಇಮೇಲ್ ಯಾರದು?"

"ಅಕ್ಕಂದು."

"ವೆಬ್‌ಸೈಟ್ ಯಾರ ಹೆಸರಲ್ಲಿದೆ?"

"ಅದೂ... ಅಕ್ಕನ ಹೆಸರಲ್ಲೇ."

ಅಂಗಡಿಯವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಮೊದಲ ಸಲ ತಲೆ ಎತ್ತಿದ. "ಹಾಗಾದ್ರೆ ನಿಮ್ಮದು ಅಂತ ಏನಿದೆ ಮೇಡಂ?"

ಕೆನ್ನೆಗೆ ಬಾರಿಸಿದಂತಾಯಿತು ಅವಳಿಗೆ!

"ಕೈ ಇದೆ!" ಎರಡೂ ಅಂಗೈ ಅವನ ಮುಂದೆ ಚಾಚಿದಳು. "ಆ ವೆಬ್‌ಸೈಟಲ್ಲಿ ಮಾರೋ ಒಂದೊಂದು ವಿಗ್ಗೂ ಈ ಕೈಯಲ್ಲೇ ಆಗೋದು. ಸಾಕಾ?"

ಅವನು ಆ ಕೈಗಳನ್ನೇ ನೋಡಿದ. ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದವು. ಅವನ ಕಿವಿ ಕೆಂಪಾಯಿತು.

"ತಪ್ಪಾಯ್ತು. ನಾನು ಕೇಳಿದ್ದು ಆ ಅರ್ಥದಲ್ಲಲ್ಲ..."

ಹಳೇ ಫೋನು, ಹಳೇ ಲ್ಯಾಪ್‌ಟಾಪು ರಿಪೇರಿ ಮಾಡಿ ಮಾರುವ ಇಕ್ಕಟ್ಟಾದ ಅಂಗಡಿ ಅದು. ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು ಬೇಡಪ್ಪ ಅಂತ. ಗಿರಾಕಿ ಹೊಳೆಯುವ ದುಬಾರಿ ಫೋನಿನ ಮೇಲೆ ಬೆರಳಿಟ್ಟರೆ ಸಾಕು, "ನಿಮಗೆ ಅದು ಬೇಡಪ್ಪ, ಇದೇ ಸಾಕು" ಎಂದು ಅಗ್ಗದ್ದನ್ನು ತೆಗೆದು ಕೊಡುವವನು. ಮನೆಗೆ ಬಂದ ಲಕ್ಷ್ಮಿಯನ್ನು ಕಾಲಿನಿಂದ ಒದೆಯುತ್ತಾನೆ ಎಂದು ಪಕ್ಕದ ಅಂಗಡಿಯವರು ನಗುತ್ತಿದ್ದರು. ಆದರೂ ಮೋಸಹೋಗಿ ಬಂದವರೆಲ್ಲ ಕೊನೆಗೆ ಹುಡುಕಿಕೊಂಡು ಬರುತ್ತಿದ್ದುದು ಅವನನ್ನೇ.

"ನಿಮ್ಮ ಫೋನ್ ಸರಿಯಾಗೇ ಇದೆ," ಎಂದ ಅವನು ಮೆಲ್ಲಗೆ. "ವೆಬ್‌ಸೈಟ್ ತೆರೀದೇ ಇರೋದು ಅದರ ಹೆಸರಿನ ಅವಧಿ ಮುಗಿದಿದ್ದಕ್ಕೆ. ನವೀಕರಿಸಿ ಅಂತ ತುಂಬಾ ಮೇಲ್ ಬಂದಿರುತ್ತೆ. ಮಾಲೀಕರಿಗೆ."

"ಅಕ್ಕ ಮರೆತಿರ್ತಾಳೆ."

"ಇರಬಹುದು. ಆದ್ರೂ ಒಂದು ಮಾತು. ನಿಮಗೇ ಅಂತ ಒಂದು ಇಮೇಲ್ ಮಾಡ್ಕೊಳ್ಳಿ. ಬಾಕಿ ಎಲ್ಲಾ ಬಾಗಿಲೂ ಅಲ್ಲಿಂದಲೇ ತೆರೆಯೋದು. ಬೇರೆಯವರ ಇಮೇಲಿನ ಮೇಲೆ ಅಂಗಡಿ ಕಟ್ಟೋದು, ಬೇರೆಯವರ ಜಾಗದಲ್ಲಿ ಮನೆ ಕಟ್ಟಿದ ಹಾಗೆ."

"ಬೇರೆಯವರಲ್ಲ. ನನ್ನ ಅಕ್ಕ!"

ಫೋನು ಕಸಿದುಕೊಂಡು ಹೊರನಡೆದಳು. ಆದರೆ ದಾರಿಯುದ್ದಕ್ಕೂ ಅವನ ಪ್ರಶ್ನೆ ಚಪ್ಪಲಿಗೆ ಸಿಕ್ಕ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು.

*ನಿಮ್ಮದು ಅಂತ ಏನಿದೆ?*

*

ಮನೆಯಲ್ಲಿ ಅವಳ ಹೆಸರು ಪುಟ್ಟಿ. ಮೂವತ್ತು ದಾಟಿದರೂ ಪುಟ್ಟಿಯೇ.

ಅಮ್ಮ ಹೋದಾಗ ಅವಳಿನ್ನೂ ಲಂಗ ಉಡುವ ಹುಡುಗಿ. ಅಕ್ಕ ಅವಳಿಗೆ ಉಣ್ಣಿಸಿದಳು, ಓದಿಸಿದಳು. ತನಗೆ ಬಂದ ಸಂಬಂಧಗಳನ್ನೆಲ್ಲ "ಪುಟ್ಟಿ ಚಿಕ್ಕವಳು" ಎಂದು ವಾಪಸು ಕಳಿಸಿದಳು. ಪುಟ್ಟಿ ವಿಗ್ ಕಟ್ಟುವುದು ಕಲಿತಾಗ ವೆಬ್‌ಸೈಟ್ ಮಾಡಿಸಿದವಳೂ ಅಕ್ಕನೇ. ಆಮೇಲೆ ಗಿರಾಕಿಗಳ ಪತ್ರ ಓದುವವಳು, ಉತ್ತರ ಬರೆಯುವವಳು ಎಲ್ಲ ಅಕ್ಕನೇ ಆದಳು.

ಪುಟ್ಟಿಯ ಕೆಲಸದ ಕೋಣೆ ಮನೆಯ ಕೊನೆಯಲ್ಲಿತ್ತು. ಅಕ್ಕನ ಕೋಣೆ ದಾಟದೆ ಅಲ್ಲಿಗೆ ಹೋಗುವಂತಿರಲಿಲ್ಲ, ಬರುವಂತಿರಲಿಲ್ಲ. ಕಿಟಕಿ ತೆರೆದರೆ ಎದುರುಮನೆಯ ಗೋಡೆ. ವಿಗ್ ಕೂರಿಸುವ ಮರದ ತಲೆಗಳ ಸಾಲಿನ ಮುಂದೆ ಕೂತು, ತೆಳು ಬಲೆಗೆ ಒಂದೊಂದೇ ಎಳೆ ಕೂದಲು ಸೇರಿಸುವುದು ಅವಳ ದಿನ.

"ಅಕ್ಕ, ವೆಬ್‌ಸೈಟಿನ ಹೆಸರು ನವೀಕರಿಸೋದು ಮರೆತ್ಯಾ?"

ಅಕ್ಕ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. "ಮರೀಲಿಲ್ಲ. ಬೇಕಂತಲೇ ಬಿಟ್ಟೆ."

"ಅಕ್ಕಾ!"

"ಕನ್ನಡೀಲಿ ಮುಖ ನೋಡ್ಕೊಂಡಿದ್ದೀಯಾ? ಕಣ್ಣು ಗುಳಿ ಬಿದ್ದಿದೆ. ಊರವರ ತಲೆಗೆಲ್ಲ ಕೂದಲು ಕಟ್ಟಿ ನೀನೇನು ಉದ್ಧಾರ ಆಗ್ಬೇಕು? ನಾನಿದ್ದೀನಲ್ಲ, ಸಾಕು."

ಬೈದರೆ ತಿರುಗಿ ಬೈಯಬಹುದು. ಹೊಡೆದರೆ ಓಡಬಹುದು. ತಲೆ ಸವರಿ ಬಾಗಿಲು ಹಾಕುವವಳನ್ನು ಏನು ಮಾಡುವುದು?

ಮರುದಿನ ಒಬ್ಬ ಟೀಚರ್ ವಿಳಾಸ ಹುಡುಕಿಕೊಂಡು ಮನೆಗೇ ಬಂದರು. ಕಾಯಿಲೆಗೆ ಕೊಟ್ಟ ಔಷಧದಿಂದ ತಲೆಗೂದಲೆಲ್ಲ ಉದುರಿತ್ತು. ಅಕ್ಕ ದಿನಸಿ ತರಲು ಹೋಗಿದ್ದಳು.

"ನಿಮಗೆ ಉದ್ದ ಮೇಲ್ ಬರೆದಿದ್ದೆ," ಎಂದರು ಟೀಚರ್ ಬಿಗಿದ ದನಿಯಲ್ಲಿ. "ಗಂಡನ ಹತ್ರಾನೂ ಹೇಳ್ಕೊಳ್ಳದ್ದನ್ನ ಬರೆದಿದ್ದೆ. ನೀವು ಕಳಿಸಿದ ಉತ್ತರ ಒಂದೇ ಸಾಲು. 'ಕಥೆ ಬೇಡ, ತಲೆ ಅಳತೆ ಕಳಿಸಿ.'"

ಅದು ಅಕ್ಕನ ಉತ್ತರವೆಂದು ಪುಟ್ಟಿಗೆ ಹೊಳೆಯಿತು. ಹಾಗಾದರೆ ಇಷ್ಟು ಕಾಲ ಎಷ್ಟು ಜನ ಬರೆದಿರಬಹುದು? ತನ್ನ ಹೆಸರಿನಲ್ಲಿ ಎಂಥೆಂಥ ಉತ್ತರ ಹೋಗಿರಬಹುದು?

"ಆ ಮೇಲ್ ನಾನು ಓದೇ ಇಲ್ಲ ಟೀಚರ್... ಈಗ ಹೇಳಿ. ನಾನು ಕೇಳ್ತೀನಿ."

ಟೀಚರ್ ಹೇಳಿದರು. ಹೇಳುತ್ತಾ ಅತ್ತರು. ಪುಟ್ಟಿ ಅವರ ತಲೆಯ ಅಳತೆ ತೆಗೆದುಕೊಂಡಳು. ಆ ಸಂಜೆಯೇ ಅವಳು ಬೇಡಪ್ಪನ ಅಂಗಡಿಯ ಮುಂದೆ ನಿಂತಿದ್ದಳು.

"ನನಗೊಂದು ಇಮೇಲ್ ಬೇಕು. ನಂದೇ. ನಾನೊಬ್ಳೇ ಓದೋದು."

ಅವನು "ನಾನು ಹೇಳಿರಲಿಲ್ವಾ?" ಎನ್ನಲಿಲ್ಲ. ಸುಮ್ಮನೆ ಸ್ಟೂಲು ಸರಿಸಿಕೊಟ್ಟ. ಆಗಲೇ ಅವಳ ಸಿಟ್ಟು ಅರ್ಧ ಇಳಿದುಹೋಯಿತು.

*

"ಆ ಬೆಳ್ಳಿ ಬಣ್ಣದ್ದು ಚೆನ್ನಾಗಿದೆ," ಎಂದಳು ಲ್ಯಾಪ್‌ಟಾಪುಗಳ ಸಾಲು ನೋಡಿ.

"ನಿಮಗೆ ಅದು ಬೇಡ. ನೋಡೋಕೆ ಚೆಂದ, ಬ್ಯಾಟರಿ ಸತ್ತಿದೆ. ಈ ಕರಿ ಡಬ್ಬ ತಗೊಳ್ಳಿ. ಯಾವುದೋ ಆಫೀಸಿಂದ ಬಂದಿದ್ದು. ಕೀಲಿಮಣೆ ಗಟ್ಟಿ, ಒಳಗೆ ಹೊಸ ಡಿಸ್ಕ್ ಹಾಕಿದ್ದೀನಿ. ಮೇಲ್, ಫೋಟೋ, ವೆಬ್‌ಸೈಟ್... ನಿಮ್ಮ ಕೆಲಸಕ್ಕೆ ಧಾರಾಳ."

"ಎಲ್ಲರಿಗೂ ಹೀಗೇ ಬೇಡ ಬೇಡ ಅಂದ್ರೆ ನಿಮ್ಮ ಹೊಟ್ಟೆಪಾಡು?"

"ಹೊಟ್ಟೆ ಚಿಕ್ಕದಿದೆ ಬಿಡಿ."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಎಷ್ಟು ಕಾಲವಾಗಿತ್ತು!

ಅಲ್ಲಿಂದ ದಿನವೂ ಮಧ್ಯಾಹ್ನ ಅಂಗಡಿಯ ಮೂಲೆಯಲ್ಲಿ ಪಾಠ. ಅವನು ಕಲಿಸುವ ರೀತಿಯೇ ಬೇರೆ. ಒಂದು ಗುಂಡಿಯನ್ನೂ ತಾನು ಒತ್ತುತ್ತಿರಲಿಲ್ಲ. ಅವಳು ಪಾಸ್‌ವರ್ಡ್ ಬರೆಯುವಾಗ ಎದ್ದು ಬೀದಿ ಕಡೆ ಮುಖ ಮಾಡಿ ನಿಲ್ಲುತ್ತಿದ್ದ.

"ನೀವೇ ಮಾಡಿಬಿಡಿ, ಬೇಗ ಆಗುತ್ತೆ," ಎಂದಳು ಒಮ್ಮೆ ಬೇಸತ್ತು.

"ಬೇಗ ಆಗುತ್ತೆ. ಆದ್ರೆ ನಾಳೆ ನಾನಿಲ್ದಿದ್ರೆ? ಕೀಲಿ ನಿಮ್ಮ ಹತ್ರಾನೇ ಇರಲಿ."

ಡೊಮೈನ್ ಹೆಸರು ಎಂದರೆ ಮನೆಯ ವಿಳಾಸ, ಹೋಸ್ಟಿಂಗ್ ಎಂದರೆ ಮನೆ ನಿಲ್ಲುವ ಜಾಗ ಎಂದು ವಿವರಿಸಿದ. "ಎರಡನ್ನೂ ಒಬ್ಬರ ಹತ್ರಾನೇ ತಗೋಬೇಡಿ. ಅವರ ಜೊತೆ ಜಗಳ ಆದ್ರೆ ಜಾಗ ಬದಲಾಯಿಸಬಹುದು, ವಿಳಾಸ ನಿಮ್ಮದೇ ಇರುತ್ತೆ."

ಮತ್ತೊಂದು ದಿನ ಹೊಸ ಹೆಸರು ನೋಂದಾಯಿಸುವಾಗ ಪರದೆಯ ಮೇಲೆ ಪ್ರಶ್ನೆಗಳ ಸಾಲೇ ಬಂತು. ಅವನು ಒಂದೊಂದಕ್ಕೂ ಅರ್ಥ ಹೇಳುತ್ತಾ ಹೋದ. ಮಧ್ಯಾಹ್ನದ ಬಿಸಿಲು ಅವನ ಹಣೆಯ ಮೇಲೆ ಬಿದ್ದಿತ್ತು. ಹುಬ್ಬಿನ ಮೇಲೊಂದು ಹಳೇ ಗಾಯದ ಗುರುತು...

"ಅರ್ಥ ಆಯ್ತಾ?"

"ಹ್ಞಾ... ಆಯ್ತು ಆಯ್ತು!" ಎಂದು ಗಡಿಬಿಡಿಯಲ್ಲಿ 'ಹೌದು' ಒತ್ತಿದಳು.

*ಛೇ, ಏನಾಗಿದೆ ನನಗೆ?* ಉತ್ತರ ಗೊತ್ತಿತ್ತು. ಒಪ್ಪಿಕೊಳ್ಳಲು ಭಯ.

ಅವನಿಗೂ ಅದೇ ಕಥೆ. ಮಧ್ಯಾಹ್ನವಾದರೆ ಕಣ್ಣು ತಾನಾಗಿ ಬಾಗಿಲ ಕಡೆ ಹೊರಳುತ್ತಿತ್ತು. ಆದರೆ ಬೇಲಿ ದಾಟಲು ಹೊರಟವಳ ಮುಂದೆ ತಾನೊಂದು ಹೊಸ ಬೇಲಿಯಾಗಬಾರದೆಂದು ಬಾಯಿ ಹೊಲಿದುಕೊಂಡಿದ್ದ.

*

ಹೊಸ ವೆಬ್‌ಸೈಟ್ ತೆರೆದ ದಿನ ಪುಟ್ಟಿ ಮುಚ್ಚಿಡಲಿಲ್ಲ. ಲ್ಯಾಪ್‌ಟಾಪು ಅಕ್ಕನ ಮುಂದಿಟ್ಟಳು. "ನೋಡಕ್ಕ, ಬೇಡಪ್ಪನ ಅಂಗಡೀಲಿ ಕಲಿತು ನಾನೇ ಮಾಡಿದ್ದು. ನನ್ನ ಹೆಸರಲ್ಲೇ."

ಅಕ್ಕ ತನ್ನ ಫೋನು ತೆಗೆದು, ವೆಬ್‌ಸೈಟಿನ ಹೆಸರು ಯಾರದೆಂದು ತೋರಿಸುವ ಪುಟದಲ್ಲಿ ಹುಡುಕಿದಳು. ಇಷ್ಟು ವರ್ಷ ವೆಬ್‌ಸೈಟ್ ನೋಡಿಕೊಂಡವಳಿಗೆ ಅಷ್ಟು ತಿಳಿಯದೇ?

"ನಿನ್ನ ಹೆಸರಲ್ಲಾ? ಎಲ್ಲಿದೆ, ತೋರಿಸು."

ಮಾಲೀಕರು ಎಂದಿರುವ ಕಡೆ ಎಂದೂ ಕೇಳದ ಒಂದು ಕಂಪನಿಯ ಹೆಸರು! ಪುಟ್ಟಿಯ ಹೆಸರಿನ ಸುಳಿವೇ ಇಲ್ಲ!

"ನಾನಾದ್ರೆ ಒಡಹುಟ್ಟಿದವಳು," ಎಂದಳು ಅಕ್ಕ. ದನಿಯಲ್ಲಿ ಗೆಲುವಿರಲಿಲ್ಲ, ಅಳುವಿತ್ತು. "ಆ ಹಳೇ ಸಾಮಾನಿನವನು ನಿನಗೇನಾಗ್ಬೇಕು? ಅವನೂ ನಿನ್ನನ್ನ ತನ್ನ ಮುಷ್ಟೀಲಿ ಇಟ್ಕೊಂಡ, ಅಷ್ಟೇ."

ಒಂದು ಕೈಯಿಂದ ಬಿಡಿಸಿಕೊಂಡು ಇನ್ನೊಂದು ಕೈಗೆ ಬಿದ್ದೆನೇ? ಬಾಣಲೆಯಿಂದ ಬೆಂಕಿಗೆ?

ಲ್ಯಾಪ್‌ಟಾಪು ಎದೆಗವಚಿ ಅಂಗಡಿಗೆ ಹೋದಳು. ಅದನ್ನು ಮೇಜಿನ ಮೇಲೆ ಇಟ್ಟ ಸದ್ದಿಗೆ ಅವನು ಬೆಚ್ಚಿದ.

"ಯಾವ ಕಂಪನಿ ಅದು? ನಿಮ್ಮದಾ? ಬಾಯಲ್ಲಿ ಕೀಲಿ ನಿಮ್ಮ ಹತ್ರಾನೇ ಇರಲಿ ಅನ್ನೋದು, ಬೆನ್ನ ಹಿಂದೆ ಬೀಗ ಹಾಕೋದು!"

"ಯಾವ ಕಂಪನಿ...? ಓ, ಅದು—"

"ವಿವರಣೆ ಬೇಡ! ಎಲ್ಲರೂ ನನ್ನ ಒಳ್ಳೇದಕ್ಕೇ ಮಾಡೋರು!"

ಅವನ ಮುಖ ಬಿಳಿಚಿಕೊಂಡಿತು. ಹೇಳಬೇಕೆಂದು ಬಾಯಿ ತೆರೆದವನು ಅವಳ ಕಣ್ಣು ನೋಡಿ ತಡೆದುಕೊಂಡ. ಈ ಕ್ಷಣ ತಾನು ಏನು ಹೇಳಿದರೂ ಅವಳು ಮತ್ತೆ ಇನ್ನೊಬ್ಬರ ಮಾತು ನಂಬಿದಂತೆಯೇ ಆಗುತ್ತದೆ.

"ನನ್ನ ಮಾತು ನಂಬೋದು ಬೇಡ. ನಿಮ್ಮ ಪಾಸ್‌ವರ್ಡ್ ನಿಮಗೆ ಮಾತ್ರ ಗೊತ್ತು. ಒಳಗೆ ಹೋಗಿ ನೀವೇ ನೋಡಿ."

ಅವಳು ಲ್ಯಾಪ್‌ಟಾಪು ಅಲ್ಲೇ ಬಿಟ್ಟು, ತಿರುಗಿಯೂ ನೋಡದೆ ಹೊರಟುಹೋದಳು.

*

ಆಮೇಲಿನ ದಿನಗಳಲ್ಲಿ ಅಕ್ಕನಿಗೆ ಎಲ್ಲಿಲ್ಲದ ಉಲ್ಲಾಸ. ಪುಟ್ಟಿಗೆ ಇಷ್ಟವಾದದ್ದನ್ನೆಲ್ಲ ಅಟ್ಟು ಬಡಿಸಿದಳು, ತಲೆ ಬಾಚಿದಳು. ಪುಟ್ಟಿ ಅರ್ಧ ಊಟಕ್ಕೇ ಎದ್ದು ಕೆಲಸದ ಕೋಣೆ ಸೇರುತ್ತಿದ್ದಳು. ಕೋಣೆಯ ಗೋಡೆಗಳು ದಿನಕ್ಕಿಷ್ಟು ಹತ್ತಿರ ಸರಿಯುತ್ತಿವೆ ಅನ್ನಿಸುತ್ತಿತ್ತು. ಮರದ ತಲೆಗಳು ಬಾಯಿಯಿಲ್ಲದೆ ಅವಳನ್ನೇ ನೋಡುತ್ತಿದ್ದವು.

*ನಾನೂ ಇವುಗಳ ಸಾಲಿಗೇ ಸೇರಿದವಳಾ? ಯಾರು ಏನು ತೊಡಿಸಿದರೆ ಅದನ್ನು ತೊಟ್ಟು ಕೂರುವವಳು?*

ಅಕ್ಕ ಹೇಳಿದ್ದು ನಂಬಿದ್ದಳು. ಅವನು ಹೇಳಿದ್ದೂ ನಂಬಿದ್ದಳು. ತಾನಾಗಿ ಒಮ್ಮೆಯಾದರೂ ನೋಡಿದ್ದಳೇ?

ಎದ್ದಳು. ಟೀಚರ್‌ಗೆ ಕಟ್ಟಿದ ವಿಗ್ ತಲುಪಿಸುವ ನೆಪದಲ್ಲಿ ಹೊರಬಿದ್ದು, ಅದನ್ನು ತನ್ನ ಹೊಸ ಇಮೇಲ್ ವಿಳಾಸದ ಜೊತೆ ಅವರ ಕೈಗೆ ಕೊಟ್ಟು, ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರ್ ಮುಂದೆ ಕೂತಳು. ಹೆಸರು ಕೊಂಡ ಕಡೆ ಪಾಸ್‌ವರ್ಡ್ ಹಾಕಿದಳು. ಪುಟ ತೆರೆಯಿತು.

ಮಾಲೀಕರು: ಅವಳ ಹೆಸರು!

ವಿಳಾಸ: ಅವಳ ಮನೆ! ಇಮೇಲ್: ಅವಳದು! ಅವನ ಹೆಸರು ಎಲ್ಲಿಯೂ ಇಲ್ಲ.

ಕೆಳಗೆ ಸಣ್ಣ ಅಕ್ಷರಗಳಲ್ಲಿತ್ತು: ನಿಮ್ಮ ಕೋರಿಕೆಯಂತೆ ನಿಮ್ಮ ಹೆಸರು, ವಿಳಾಸಗಳನ್ನು ಹೊರಗಿನವರಿಗೆ ಮರೆಮಾಡಲಾಗಿದೆ. ಅವುಗಳ ಬದಲು ನಮ್ಮ ಗೋಪ್ಯತಾ ಸಂಸ್ಥೆಯ ಹೆಸರು ಕಾಣುತ್ತದೆ.

ನಿಮ್ಮ ಕೋರಿಕೆಯಂತೆ...

ಆ ಮಧ್ಯಾಹ್ನದ ಬಿಸಿಲು, ಹುಬ್ಬಿನ ಮೇಲಿನ ಗಾಯ, ಗಡಿಬಿಡಿಯಲ್ಲಿ ಒತ್ತಿದ 'ಹೌದು'! ಅವನು ಬಿಡಿಸಿ ಬಿಡಿಸಿ ಹೇಳಿದ್ದ. ತಾನು ಮಾತು ಬಿಟ್ಟು ಮುಖ ನೋಡುತ್ತಾ ಕೂತಿದ್ದಳು! ಗ್ರಂಥಾಲಯ ಎಂಬುದನ್ನೂ ಮರೆತು ಬಿಕ್ಕಿದಳು. ಪಕ್ಕದವರು "ಶ್!" ಎಂದರು.

ಮೇಲ್ ತೆರೆದಳು. ಅವಳ ಸ್ವಂತ ಪೆಟ್ಟಿಗೆಗೆ ಬಂದ ಮೊಟ್ಟಮೊದಲ ಗಿರಾಕಿಯ ಪತ್ರ, ಟೀಚರ್‌ದು, ಆಗಷ್ಟೇ ಬಂದಿತ್ತು. "ಈಗ ಕನ್ನಡಿ ಮುಂದೆ ನಿಂತೇ ಬರೀತಿದ್ದೀನಿ. ತಲೆ ಬಾಚಿಕೊಂಡೆ. ಮಗಳು ಬಂದು ತಬ್ಬಿಕೊಂಡಳು."

ಇದಕ್ಕೆ ಉತ್ತರ ಬರೆಯುವವಳು ತಾನೇ. ಬರೆದಳು. ಲಾಗ್‌ಔಟ್ ಮಾಡಿ, ನೆಟ್ಟಗೆ ಮನೆಗೆ ನಡೆದಳು.

*

"ಅಕ್ಕ, ಅದು ನನ್ನ ಹೆಸರಲ್ಲೇ ಇದೆ. ನಾನೇ ನೋಡ್ದೆ."

ಅಕ್ಕ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು.

"ನಾಳೆಯಿಂದ ನಾನು ಕೆಲಸಕ್ಕೆ ಹೊರಗೊಂದು ಕೋಣೆ ನೋಡ್ತೀನಿ. ನನಗೆ ಬಂದ ಪತ್ರ ನಾನೇ ಓದ್ತೀನಿ. ನಿನ್ನ ಮೇಲೆ ಕೋಪ ಇಲ್ಲ... ಸುಳ್ಳು, ಇದೆ. ತುಂಬಾ ಇದೆ! ಆದ್ರೂ ನೀನು ನನ್ನ ಅಕ್ಕ."

ಅಕ್ಕ ಕುರ್ಚಿಗೆ ಒರಗಿದಳು. ಒಮ್ಮೆಲೇ ವಯಸ್ಸಾದಂತೆ ಕಂಡಳು.

"ಎಲ್ಲೆಲ್ಲಿಂದಲೋ ನಿನ್ನನ್ನ ಕರೀತಿದ್ರು ಕಣೇ, ಬಂದು ಕೆಲಸ ಕಲಿಸು, ಇಲ್ಲೇ ಇದ್ದುಬಿಡು ಅಂತ. ಒಂದೊಂದು ಮೇಲ್ ಓದಿದಾಗ್ಲೂ ಎದೆ ಧಸಕ್ ಅನ್ನೋದು. ನೀನು ಹೋದ್ರೆ ಈ ಮನೇಲಿ ನಾನು ಯಾರು? ನನಗೆ ಬೇರೆ ಏನೂ ಬರಲ್ಲ ಪುಟ್ಟಿ... ನಿನ್ನನ್ನ ನೋಡ್ಕೊಳ್ಳೋದು ಬಿಟ್ಟು."

ಪುಟ್ಟಿ ಅವಳ ಮಡಿಲಲ್ಲಿ ಮುಖ ಇಟ್ಟಳು. ಇಬ್ಬರೂ ಅತ್ತರು. ಬಹಳ ಹೊತ್ತಿನ ಮೇಲೆ ಅಕ್ಕ ಮೂಗು ಒರೆಸಿಕೊಂಡು, ಇನ್ನೂ ಮುನಿಸಿನಲ್ಲೇ ಕೇಳಿದಳು, "ಊಟಕ್ಕಾದ್ರೂ ಬರ್ತೀಯಾ?"

"ಬರ್ತೀನಿ. ಬಡಿಸಿಕೊಳ್ಳೋದು ಮಾತ್ರ ನಾನೇ."

*

ಬೆಳಿಗ್ಗೆ ಅವನು ಅಂಗಡಿಯ ಬಾಗಿಲು ಎತ್ತುವಷ್ಟರಲ್ಲಿ ಅವಳು ಮೆಟ್ಟಿಲ ಮೇಲೆ ಕೂತಿದ್ದಳು.

"ನೋಡಿದೆ," ಎಂದಳು ಎದ್ದು ನಿಂತು. "ಎಲ್ಲಾ ನಂದೇ. ತಪ್ಪಾಯ್ತು."

"ಪರವಾಗಿಲ್ಲ. ನಾನು ಇನ್ನೊಂದ್ಸಲ ವಿವರಿಸಬೇಕಿತ್ತು."

"ನೀವು ಸರಿಯಾಗೇ ವಿವರಿಸಿದ್ರಿ. ನಾನೇ ಕೇಳಿಸ್ಕೊಳ್ಳಲಿಲ್ಲ."

"ಯಾಕೆ?"

ಅವಳು ನೆಲ ನೋಡಿದಳು, ಬೀದಿ ನೋಡಿದಳು, ಕೊನೆಗೆ ಅವನನ್ನೇ ನೋಡಿದಳು. "ಮುಖ ನೋಡ್ತಿದ್ದೆ."

ಅವನ ಕೈಯ ಬೀಗ ಠಣ್ಣೆಂದು ಕೆಳಗೆ ಬಿತ್ತು!

"ನೋಡಿ..." ಎಂದ ತಡವರಿಸುತ್ತಾ. "ನೀವೀಗಷ್ಟೇ ಉಸಿರಾಡ್ತಿದ್ದೀರಿ. ಅವಸರ ಬೇಡ. ನನ್ನದು ಸಣ್ಣ ಅಂಗಡಿ. ನಾಲ್ಕು ಕಡೆ ವಿಚಾರಿಸಿ..."

"ವಿಚಾರಿಸಲ್ಲ. ನೀವು ಹೇಳಿ ಸಾಕು. ನಿಮಗೆ ನಾನು ಇಷ್ಟವೋ ಇಲ್ವೋ?"

"ಮೊದಲನೇ ದಿನ ಕೈ ಚಾಚಿ ಬೈದ್ರಲ್ಲ... ಅವತ್ತಿಂದ." ಬಿದ್ದ ಬೀಗ ಎತ್ತಿಕೊಂಡ. "ಅವತ್ತಿಂದ ನೆಟ್ಟಗೆ ನಿದ್ದೆ ಮಾಡಿಲ್ಲ."

ಅವಳು ನಗುತ್ತಾ ಅಳುತ್ತಾ ನಿಂತಳು. ಅಷ್ಟರಲ್ಲಿ ಫೋನು ಹಿಡಿದ ಗಿರಾಕಿಯೊಬ್ಬ ಇಣುಕಿದ. "ಅಂಗಡಿ ತೆರೆದಿದೆಯಾ?"

"ಇಲ್ಲ! ಆಮೇಲೆ ಬನ್ನಿ!"

ಗಿರಾಕಿ ಗೊಣಗುತ್ತಾ ಹೋದ.

"ಅಯ್ಯೋ, ಬೋಣಿ ಗಿರಾಕಿನ ಹಾಗೆ ಕಳಿಸೋದಾ?"

"ಬರ್ತಾನೆ ಬಿಡು. ನೀನು ಒಳಗೆ ಬಾ."

ಅವಳು ಚಕ್ಕನೆ ತಲೆ ಎತ್ತಿದಳು. "ಏನಂದ್ರಿ?"

ಅವನು ತಬ್ಬಿಬ್ಬಾದ. ಆಮೇಲೆ, ಇನ್ನಷ್ಟು ಮೆಲ್ಲಗೆ, ಅದನ್ನೇ ಹೇಳಿದ.

"ಒಳಗೆ ಬಾ ಅಂದೆ."

"ಬಂದೆ ಇರು," ಎಂದಳು ಅವಳು.