ಕಾಲ್ಗುಣ

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಮೂರು ದಿನ ಬೆಳಗ್ಗೆ ಎಡಗಾಲಿನಿಂದ ನೀವಿದರೆ ಎಂಥ ಉಳುಕೂ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹಾಗಾಗಿ ನಮ್ಮೂರು ಕಲ್ಯದಲ್ಲಿ ಯಾರಿಗೆ ಸೊಂಟ ಹಿಡಿದುಕೊಂಡರೂ ಮುಖ ತೊಳೆಯುವ ಮೊದಲೇ ಬಂದು ನಮ್ಮ ಜಗಲಿಯಲ್ಲಿ ಬೋರಲು ಮಲಗುತ್ತಾರೆ. ಡಿಗ್ರಿ ಮುಗಿಸಿ ಮಾಗಡಿಯ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ನನಗೆ ಈ ಡ್ಯೂಟಿ ತಪ್ಪಿಲ್ಲ. ಅಜ್ಜಿ ಹನುಮಂತಮ್ಮ ತಪ್ಪಿಸಲು ಬಿಡುವವಳೂ ಅಲ್ಲ.

ಆ ಸೋಮವಾರ ಬಂದವನು ಊರಿನವನಲ್ಲ. ಬೈರಮಂಗಲದ ಬೈರೇಶ್, ಹಿಂದಿನ ಬೀದಿಯ ಸರಸಮ್ಮನ ತಮ್ಮ. ಅಕ್ಕನ ಮನೆಯ ಕುರಿಗಳ ಉಣ್ಣೆ ಕತ್ತರಿಸಲು ಬಂದಿದ್ದ. ಟಗರೊಂದು ಕಿತ್ತುಕೊಂಡು ಓಡಿದಾಗ ಹಗ್ಗ ಬಿಡದೆ ಹಿಡಿದು, ಬಲಭುಜ ಉಳುಕಿಸಿಕೊಂಡಿದ್ದನಂತೆ.

"ಬೆನ್ನಾದ್ರೆ ಮಲಗಿಸಿ ನೀವ್ತೀನಿ. ಭುಜಕ್ಕೆ ಹೆಂಗೆ ಕಾಲಿಡ್ಲಿ?" ಅಂದೆ.

ಅವನು ಜಗಲಿಯ ಕೆಳಮೆಟ್ಟಿಲ ಮೇಲೆ ನನಗೆ ಬೆನ್ನು ಹಾಕಿ ಕೂತ. "ಹಿಂಗೆ. ನೀವು ಮೇಲೆ, ನಾನು ಕೆಳಗೆ."

"ಕೆಳಗೆ ಕೂತು ಅಭ್ಯಾಸ ಐತಾ?"

"ಇವತ್ತಿಂದ ಮಾಡ್ಕೋತೀನಿ."

ಒಳಗೆ ಅಜ್ಜಿ ಕೆಮ್ಮಿದಳು. ನಾನು ಪಾದದ ತುದಿಯನ್ನು ಅವನ ಭುಜಕ್ಕೆ ತಾಗಿಸಿದೆ. ಅವನು ಕತ್ತು ತಿರುಗಿಸಿ ಪಾದವನ್ನೇ ನೋಡುತ್ತಿದ್ದ.

"ಮುಂದೆ ನೋಡಿ."

"ಮುಂದೆ ಬರೀ ಬೀದಿ ಐತೆ."

ಮೂರು ಬೆಳಗು ಮುಗಿಯಿತು. ನಾಲ್ಕನೆಯ ದಿನ ಬೆಳಗ್ಗೆಯೂ ಬಂದ, ನಗುತ್ತಾ. "ಒಸಿ ಇನ್ನೂ ನೋಯ್ತಾ ಐತೆ," ಅಂದ. ನನಗೆ ರೇಗಿತು. ಇವನಿಗೆ ನೋವೂ ಇಲ್ಲ ಏನೂ ಇಲ್ಲ, ನನ್ನ ಕಾಲನ್ನೇ ಆಟ ಮಾಡಿಕೊಂಡಿದ್ದಾನೆ ಎಂದುಕೊಂಡೆ. ಜಾರಿಬಿದ್ದಿದ್ದ ಅವನ ಟವೆಲ್ಲನ್ನು ಎತ್ತಿ, "ಹಿಡೀರಿ, ಮನೆಗೆ ಹೋಗಿ," ಎಂದು ಎಸೆದೆ.

ಹಿಡಿಯಲು ಬಲಗೈ ಎತ್ತಿದವನ ತುಟಿ ಬಿಳಿಚಿಕೊಂಡಿತು. ಕೈ ಎದೆಯ ಮಟ್ಟದಿಂದ ಮೇಲೆ ಬರಲೇ ಇಲ್ಲ.

ನನ್ನ ಸಿಟ್ಟೆಲ್ಲ ಇಳಿದುಹೋಯಿತು. "ನಿದ್ದೆ ಬತ್ತದಾ?"

"ಆ ಮಗ್ಗುಲಿಗೆ ತಿರುಗಕ್ಕಾಗಲ್ಲ. ಶರ್ಟೂ ಅಕ್ಕನೇ ಹಾಕ್ತಾಳೆ."

"ಮತ್ಯಾಕೆ ನಗ್ತಿದ್ರಿ?"

"ಅತ್ರೆ ನೀವು ಡಾಕ್ಟ್ರ ಹತ್ರ ಕಳಿಸ್ಬುಡ್ತೀರಿ ಅಂತ," ಅಂದ ಬೈರೇಶ್.

ಅಜ್ಜಿ ಹೊರಗೆ ಬಂದಳು. "ನಮ್ ಕಾಲಿಗೆ ಬಗ್ಗದ ಉಳುಕಾ? ಇನ್ನೂ ಮೂರು ದಿನ ನೀವಿ ನೋಡು."

"ಉಳುಕಾಗಿದ್ರೆ ಬಿಟ್ಟಿರೋದು ಅಜ್ಜಿ. ಇದು ಬೇರೆ ಏನೋ," ಅಂದೆ. ಅವಳಿಗೆ ನಾನು ಎದುರಾಡಿದ್ದು ಅದೇ ಮೊದಲು.

ನಾನೂ ಸರಸಮ್ಮನೂ ಅವನನ್ನು ರಾಮನಗರಕ್ಕೆ ಕರೆದುಕೊಂಡು ಹೋದೆವು. ಮೂಳೆ ಡಾಕ್ಟರ್ ಮೆಹ್ರೀನ್ ಅವನ ಕೈಯನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿ, ಸ್ಕ್ಯಾನಿಂಗ್ ಮಾಡಿಸಿದರು.

"ಉಳುಕಲ್ಲ. ಭುಜದ ಕೀಲು ಹಿಡಿದಿರೋ ಸ್ನಾಯುವಿನ ಪಟ್ಟಿ ಒಂದು ಅರ್ಧ ಹರಿದಿದೆ. ಮೊದಲು ಮೂರು ತಿಂಗಳು ಫಿಸಿಯೋಥೆರಪಿ ಮಾಡೋಣ. ಕೈ ಮೇಲೆ ಬರಲಿಲ್ಲ ಅಂದ್ರೆ ಸಣ್ಣ ತೂತು ಮಾಡಿ ಕೀಹೋಲ್ ಆಪರೇಷನ್."

"ಆಪರೇಷನ್ ಆದ್ರೆ ಗ್ಯಾರಂಟಿನಾ ಮೇಡಂ?" ಕೇಳಿದ ಬೈರೇಶ್.

"ಗ್ಯಾರಂಟಿ ಫ್ರಿಜ್ಜಿಗೆ ಕೊಡ್ತಾರೆ. ಭುಜಕ್ಕೆ ನೀವೇ ದುಡೀಬೇಕು, ಎರಡರಲ್ಲೂ," ಅಂದರು ಡಾಕ್ಟರ್.

ಬಸ್ ಸ್ಟ್ಯಾಂಡಿನಲ್ಲಿ ಸರಸಮ್ಮ ನೀರು ತರಲು ಹೋದಾಗ ಅವನು ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದ. "ವನಜಾಕ್ಷಿ, ಕತ್ತರಿ ಹಿಡಿಯಕ್ಕಾಗ್ದೋನು, ಎರಡು ಕೈ ಎತ್ತಿ ತಾಳಿ ಕಟ್ಟಕ್ಕಾಗ್ದೋನು ನಿನ್ನ ಏನಂತ ಕೇಳ್ಲಿ? ಕೈ ಬಂದ್ರೆ ಕೇಳ್ತೀನಿ. ಬರದಿದ್ರೆ ಸುಮ್ನೆ ನಮ್ಮೂರಿಗೆ ಹೊಂಟೋಯ್ತೀನಿ."

"ನಾನೇನು ನಿನ್ ಕೈಗೆ ಕೊಡೋ ಬಹುಮಾನನಾ?" ಅಂದೆ.

ನನಗೆ ಅವನು ಬೇಕಾಗಿದ್ದ, ಕೈ ಬಂದರೂ ಬರದಿದ್ದರೂ. ಆದರೆ ಈಗ ಹಾಗೆಂದರೆ ಕನಿಕರ ಅಂದುಕೊಳ್ಳುತ್ತಾನೆ. ಅದಕ್ಕೇ ಮಾತು ನುಂಗಿಕೊಂಡೆ.

ಅವನ ಕಸರತ್ತು ಬಹಳ ಸುಲಭದ್ದು, ಬಹಳ ಕಷ್ಟದ್ದು. ಗೋಡೆಗೆ ಬೆರಳೂರಿ, ಇರುವೆ ಹತ್ತುವ ಹಾಗೆ ಮೇಲೆ ಮೇಲೆ ಹತ್ತಿಸಬೇಕು. ಅಕ್ಕನ ಮನೆ ಗೋಡೆ ಒರಟು ಎಂದು ನೆಪ ಹೇಳಿ ನಮ್ಮ ಗೋಡೆಗೇ ಬಂದ. ಅಪ್ಪ ಹುಬ್ಬೇರಿಸಿದರು, ಅಮ್ಮ ನಕ್ಕಳು. ಅವನ ಬೆರಳು ಮುಟ್ಟಬೇಕಾದ ಎತ್ತರಗಳಿಗೆ ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ಎಲ್ಲಕ್ಕೂ ಮೇಲಿನ ಗೆರೆ ಸೂರಿನ ಕೆಳಗಿತ್ತು.

"ಅಲ್ಲಿಗೆ ನಿನ್ ಕೈಯೇ ಹೋಗಲ್ಲ. ಸ್ಟೂಲ್ ಹಾಕ್ಕೊಂಡಿದ್ದೀಯ," ಅನ್ನುತ್ತಿದ್ದ.

"ನನ್ ಭುಜ ಸರಿಯಾಗೈತೆ. ನೀನು ಹತ್ತು."

ಎರಡು ತಿಂಗಳಾದರೂ ಬೆರಳು ಕಿವಿಯ ಮಟ್ಟದ ಗೆರೆ ದಾಟಲಿಲ್ಲ. ಒಂದು ಸಂಜೆ ನಾನು ಕೆಲಸ ಮುಗಿಸಿ ಬರುವಾಗ ಅವನು ಬ್ಯಾಗು ತಗುಲಿಸಿಕೊಂಡು ಬಸ್ಸಿಗೆ ನಿಂತಿದ್ದ.

"ಎಲ್ಲಿಗೆ?"

"ಆಗಲ್ಲ ಬುಡು, ವನಜಾ."

ಈಗ ನುಂಗಿಕೊಳ್ಳಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. "ಡಾಕ್ಟ್ರು ಹೇಳಿದ್ದು ಎರಡು ದಾರಿ. ಕಸರತ್ತು, ಇಲ್ಲಾಂದ್ರೆ ಆಪರೇಷನ್. ಆಪರೇಷನ್ನೇ ಆಗ್ಲಿ, ಜೊತೇಲಿ ನಾನು ಬತ್ತೀನಿ. ಕೈ ಬರದಿದ್ರೂ ನಂಗೆ ನೀನೇ. ಓಡೋಗೋದು ಮಾತ್ರ ಆ ಎರಡರಲ್ಲಿ ಇಲ್ಲ."

ಬಸ್ಸು ಬಂತು, ನಿಂತಿತು, ಹೋಯಿತು. ಅವನು ಬ್ಯಾಗನ್ನು ನೆಲಕ್ಕಿಟ್ಟ. "ಜೊತೇಲಿ ಅಂದ್ರೆ ಎಷ್ಟು ದೂರ?"

"ಮೊದ್ಲು ಗೋಡೆ ಹತ್ತು," ಅಂದೆ.

ಮೂರು ತಿಂಗಳು ತುಂಬಿ ಡಾಕ್ಟರಿಗೆ ಮತ್ತೆ ತೋರಿಸುವ ಹಿಂದಿನ ದಿನ. ಅಜ್ಜಿ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ಅವನ ಬೆರಳು ಕಿವಿಯ ಗೆರೆ ದಾಟಿತು, ಅದು ಆ ವಾರ ಹೊಸದೇನಲ್ಲ. ತಲೆಯ ಗೆರೆ ದಾಟಿತು. ಹಣೆಯಲ್ಲಿ ಬೆವರು, ಆದರೆ ತುಟಿ ಬಿಳಿಚಲಿಲ್ಲ. ಕೊನೆಯ ಗೆರೆಯ ಹತ್ತಿರ ನಿಲ್ಲುತ್ತಾನೆ ಎಂದುಕೊಂಡೆ, ನಿಲ್ಲಲಿಲ್ಲ. ಗೆರೆ ದಾಟಿ ಸೂರಿನ ಹೆಂಚನ್ನು ಅಂಗೈಯಿಂದ ಹಿಡಿದ. ಅಜ್ಜಿಯ ಮೊರ ನಿಂತುಹೋಯಿತು.

ನನಗೆ ಅಳು ಬಂತು. "ಕೈ ಇಳಿಸು, ನೋವಾಯ್ತದೆ."

"ಇಳಿಸಲ್ಲ. ಊರೆಲ್ಲ ನೋಡ್ಲಿ."

ಆಮೇಲೆ ಇಳಿಸಿ, ಬಂದು ಅದೇ ಕೆಳಮೆಟ್ಟಿಲ ಮೇಲೆ ಕೂತ. ಈ ಸಲ ನನ್ನ ಕಡೆ ಮುಖ ಮಾಡಿ. "ಕಾಲು ಕೊಡು."

"ಯಾಕೆ, ಇನ್ನೂ ಉಳುಕು ಐತಾ?"

ಅವನು ಜೇಬಿನಿಂದ ಒಂದು ಜೊತೆ ಬೆಳ್ಳಿ ಕಾಲುಂಗುರ ತೆಗೆದ. "ಧಾರೆ ದಿನ ಹಾಕ್ತೀನಿ. ಈಗ ಅಳತೆ ನೋಡ್ಬೇಕು, ಅಷ್ಟೆ."

"ಯಾವಾಗ ತಂದಿದ್ದು?"

"ಬಸ್ಸಿಗೆ ನಿಂತಿದ್ದೆನಲ್ಲ, ಅವತ್ತೂ ಬ್ಯಾಗಿನಲ್ಲೇ ಇತ್ತು."

ನಾನು ಎಡಗಾಲನ್ನು ಅವನ ಬಲ ಅಂಗೈಯಲ್ಲಿಟ್ಟೆ. ಊರಿನ ಬೆನ್ನೆಲ್ಲ ನೀವಿದ ಕಾಲನ್ನು ಇದುವರೆಗೆ ಯಾರೂ ಹೀಗೆ ಹಿಡಿದಿರಲಿಲ್ಲ.

ಅಜ್ಜಿ ಹಿಂದಿನ ಬೀದಿಗೆ ಕೇಳುವಂತೆ ಕೂಗಿದಳು. "ಏ ಸರಸಮ್ಮ, ನಿನ್ ತಮ್ಮನ ಕೈ ಬಂತು ನೋಡು ಬಾ. ನಮ್ ವನಜನ ಕಾಲ್ಗುಣ ಕಣೇ. ಡಾಕ್ಟ್ರು ಗೀಕ್ಟ್ರು ಎಲ್ಲ ಆಮೇಲೆ."

ನಾನು ವಾದಕ್ಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಉಂಗುರ ಬೆರಳಿಗೆ ಸರಿಯಾಗಿ ಕೂತಿತು. "ಹೂಂ ಅಜ್ಜಿ, ಅದೇ," ಅಂದ ಬೈರೇಶ್, ನನ್ನ ಕಾಲು ಬಿಡದೆ.