ತರಗೆಲೆಯ ಹೊದಿಕೆ

"ಅಯ್ಯೋ! ಇದು ಬೆಚ್ಚಗಿದೆ!"

ಗುಬ್ಬಿ ಕೈಯನ್ನು ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ಹಿತ್ತಲಿನ ಒದ್ದೆ ನೆಲದ ಮೇಲೆ ಧೊಪ್ಪನೆ ಕುಳಿತುಬಿಟ್ಟಳು.

ಎದುರಿಗೆ, ಗೋಡೆಯ ಪಕ್ಕದಲ್ಲಿ, ತರಗೆಲೆಯ ಉದ್ದನೆಯ ರಾಶಿ. ಮೇಲೆ ಹಳೆಯ ಗೋಣಿಚೀಲ ಹೊದಿಸಿತ್ತು. ಚಿಕ್ಕಮ್ಮನ ಮನೆಯಲ್ಲಿ ಒಂದಷ್ಟು ದಿನ ಇದ್ದು ಬರುವಷ್ಟರಲ್ಲಿ ಯಾರು ತಂದು ಸುರಿದರೋ ಏನೋ! ದೂರದಿಂದ ನೋಡಿದರೆ ಯಾರೋ ಮುಸುಕು ಹಾಕಿಕೊಂಡು ಮಲಗಿದ ಹಾಗೆ ಕಾಣುತ್ತಿತ್ತು. ಬೆಳಗಿನ ಚಳಿಯಲ್ಲಿ ಅದರ ಮೈಯಿಂದ ಸಣ್ಣಗೆ ಹಬೆ ಏಳುತ್ತಿತ್ತು.

"ಹೆದರಬೇಡಿ... ಅದು ಒಳಗೊಳಗೇ ಉಸಿರಾಡ್ತಿದೆ, ಅಷ್ಟೇ."

ಮಂಜಿನೊಳಗಿಂದ ಗಂಡಸಿನ ದನಿ! ಗುಬ್ಬಿ ತಿರುಗಿ ನೋಡಿದಳು.

ಹಿಂಬಾಗಿಲ ಬಳಿ ಒಬ್ಬ ನಿಂತಿದ್ದ. ಬೆನ್ನ ಮೇಲೆ ಉಬ್ಬಿದ ಚೀಲ, ಕೈಯಲ್ಲಿ ಕಬ್ಬಿಣದ ಹಲ್ಲುಗಳಿದ್ದ ಉದ್ದ ಕೋಲು. ಕಣ್ಣು ಮಾತ್ರ ಎಷ್ಟು ಶಾಂತವಾಗಿತ್ತೆಂದರೆ, ಕಿರುಚಬೇಕೆಂದು ತೆರೆದ ಬಾಯಿಯನ್ನು ಅವಳು ಹಾಗೆಯೇ ಮುಚ್ಚಿಕೊಂಡಳು.

"ಯಾರ್ರೀ ನೀವು? ಹೇಳದೆ ಕೇಳದೆ ಹಿತ್ತಲಿಗೆ ನುಗ್ಗೋದಾ?"

"ನಿಮ್ಮಮ್ಮ ಹೇಳಿದ್ರು. ಮಗಳ ಗುಲಾಬಿ ಗಿಡಗಳು ಸೊರಗ್ತಿವೆ, ಮಣ್ಣು ಸತ್ತುಹೋಗಿದೆ, ಎಲೆ ತಂದು ಹಾಕು ಅಂತ." ಅವನು ಚೀಲ ಇಳಿಸಿದ. "ನಾನು ಎಲೆ ಗುಡಿಸೋನು."

"ಎಲ್ಲಿ ಗುಡಿಸ್ತೀರಿ?"

ಒಂದು ಕ್ಷಣ... ಒಂದೇ ಒಂದು ಕ್ಷಣ ಅವನು ತಡವರಿಸಿದ.

"ಇಲ್ಲೇ... ಉದ್ಯಾನದಲ್ಲಿ."

ಆ ತಡವರಿಕೆಯನ್ನು ಗುಬ್ಬಿ ಗಮನಿಸಬೇಕಿತ್ತು. ಆದರೆ ಅವಳಾಗಲೇ ಬೇರೆ ಏನನ್ನೋ ಗಮನಿಸುತ್ತಿದ್ದಳು. ಅವನು ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು!

ಗುಬ್ಬಿ ಅನ್ನುವುದು ಅವಳ ಅಕ್ಕ ಇಟ್ಟ ಹೆಸರು. ಹೆಸರು ಗುಬ್ಬಿಯದಾದರೂ ಬಾಯಿ ಬಜಾರಿಯದು. ಮನೆಯ ಮುಂದೆ ಕುಂಡಗಳನ್ನು ಸಾಲಾಗಿಟ್ಟು ಗುಲಾಬಿ ಗಿಡ ಮಾರುತ್ತಿದ್ದಳು. ಚೌಕಾಸಿ ಮಾಡಲು ಬಂದ ಗಿರಾಕಿ ಅವಳ ಒಂದು ನೋಟಕ್ಕೇ ತಣ್ಣಗಾಗಿಬಿಡುತ್ತಿದ್ದ. ಇಂಥ ಗುಬ್ಬಿಯ ಬಾಯಿ ಆ ಎಲೆಯವನ ಮುಂದೆ ಮಾತ್ರ ಕಟ್ಟಿಹೋಗುತ್ತಿತ್ತು.

ಅವನು ಬೆಳಗ್ಗೆ ಬರುತ್ತಿದ್ದ. ರಾಶಿಗೆ ನೀರು ಚಿಮುಕಿಸುತ್ತಿದ್ದ, ಕೋಲಿನಿಂದ ಅಡಿಮೇಲು ಮಾಡುತ್ತಿದ್ದ. ಒಣ ಎಲೆಯನ್ನು ಗಿಡಗಳ ಬುಡದ ಸುತ್ತ ದಪ್ಪಗೆ ಹರಡುತ್ತಿದ್ದ.

"ಕಾಂಡಕ್ಕೆ ತಾಗಿಸಬೇಡಿ ಮೇಡಂ, ಕೊಳೆತುಬಿಡುತ್ತೆ. ಸ್ವಲ್ಪ ಜಾಗ ಬಿಟ್ಟು ಹೊದಿಸಿ. ಚಳಿ ಬೇರಿಗೆ ಇಳಿಯೋದಿಲ್ಲ."

"ಗಿಡಕ್ಕೂ ಚಳಿಯಾ?"

"ಮಣ್ಣೊಳಗಿರೋ ಎಲ್ಲದಕ್ಕೂ ಚಳಿ ಇರುತ್ತೆ."

ಆ ಮಾತಿಗೆ ಗುಬ್ಬಿಯ ಮೈ ಜುಮ್ಮೆಂದಿತು. ಯಾಕೋ ಮುಂದಕ್ಕೆ ಕೇಳಲು ಧೈರ್ಯ ಬರಲಿಲ್ಲ.

ಅವನು ಇಲ್ಲದ ಹೊತ್ತಿನಲ್ಲಿ ಆ ರಾಶಿ ಅವಳನ್ನು ಕಾಡುತ್ತಿತ್ತು. ಗಾಳಿಯಿಲ್ಲದಿದ್ದರೂ ಒಳಗೆ ಸರಸರ ಸದ್ದು. ದಿನದಿನಕ್ಕೆ ಅದು ತಗ್ಗುತ್ತಿತ್ತು, ಒಳಗೆ ಮಲಗಿದವರು ಮಗ್ಗುಲು ಬದಲಿಸಿದಂತೆ ಒಂದೊಂದು ಕಡೆ ಕುಸಿಯುತ್ತಿತ್ತು. ಗೋಣಿ ಎತ್ತಿದರೆ ಎಲೆಗಳ ನಡುವೆ ನರೆಗೂದಲಿನಂಥ ಬಿಳಿ ಎಳೆಗಳು ಹಬ್ಬಿದ್ದವು.

"ಅದು ಬೂಷ್ಟು, ಎಲೆಯನ್ನ ಮಣ್ಣು ಮಾಡೋದೇ ಅದು. ಒಳ್ಳೆಯದು" ಎಂದು ಅವನು ಹೇಳಿದ್ದ. ಇರಬಹುದು. ಆದರೆ ಕೈಯಿಟ್ಟಾಗ ಸಿಗುವ ಆ ಬಿಸಿ? ಅದನ್ನು ಗುಬ್ಬಿ ಮೊದಲೇ ಮುಟ್ಟಿ ನೋಡಿದ್ದಳು. ಜ್ವರದಲ್ಲಿ ಮಲಗಿದ್ದ ಅಕ್ಕನ ಹಣೆ ಹೀಗೇ ಸುಡುತ್ತಿತ್ತು...

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಮ್ಮ ರಾಶಿಯನ್ನೇ ತೆಗೆಸಿಬಿಡುತ್ತಾಳೆ. ರಾಶಿ ಹೋದರೆ ಅವನೂ ಬರುವುದಿಲ್ಲ!

'ಹೆದರಿಕೆಯಾದರೂ ಪರವಾಗಿಲ್ಲ, ಅವನು ಬರಲಿ' ಎಂದುಕೊಂಡ ದಿನ ಗುಬ್ಬಿಗೆ ತಾನು ಕೆಟ್ಟೆ ಎಂದು ಗೊತ್ತಾಯಿತು. ಪ್ರೀತಿ ಅಂದರೆ ಇದೇ ಇರಬೇಕು.

ಅಂದು ಬೆಳಗ್ಗೆ ಅವನಿಗಿಂತ ಮೊದಲೇ ಎದ್ದು, ತಲೆ ಬಾಚಿ, ಅವನು ಗೋಡೆಗೆ ಒರಗಿಸಿಟ್ಟು ಹೋಗಿದ್ದ ಕೋಲು ಹಿಡಿದು, ತಾನೇ ರಾಶಿಯನ್ನು ತಿರುವುತ್ತೇನೆಂದು ಹೊರಟಳು. ಅವನು ಬಂದು ನೋಡಿ ಬೆರಗಾಗಬೇಕು, ಎಡಗೆನ್ನೆಯ ಗುಳಿ ಇನ್ನಷ್ಟು ಆಳವಾಗಬೇಕು ಎಂಬ ಆಸೆ ಅವಳಿಗೆ.

ಕೋಲಿನ ಹಲ್ಲಿಗೆ ಏನೋ ಸಿಕ್ಕಿಕೊಂಡಿತು. ಬಿಡಿಸಲು ಕೈ ಹಾಕಿದಳು. ಬಿಸಿ... ಒದ್ದೆ... ಮೆತ್ತಗೆ...

ಎಳೆದು ನೋಡಿದರೆ ರಿಬ್ಬನ್!

ಕೆಸರು ಒರೆಸಿದಳು. ನೀಲಿ ಬಟ್ಟೆ. ಅಂಚಿನಲ್ಲಿ ಕೆಂಪು ದಾರದ ಸೊಟ್ಟ ಹೊಲಿಗೆ.

ಆ ಸೊಟ್ಟ ಹೊಲಿಗೆ ಅವಳದೇ! ತನ್ನ ನೀಲಿ ಲಂಗದ ಅಂಚು ಕತ್ತರಿಸಿ, ಅಕ್ಕನಿಗೆಂದು ಹೊಲಿದ ಜೋಡಿ ರಿಬ್ಬನ್ನುಗಳಲ್ಲಿ ಇದು ಒಂದು. ಅಕ್ಕ ತೀರಿಕೊಂಡ ದಿನ, ಅವಳ ಎರಡೂ ಜಡೆಗೆ ಕೈಯಾರೆ ಕಟ್ಟಿ ಮಣ್ಣಿಗೆ ಕಳಿಸಿದ್ದಳು.

ಮಣ್ಣೊಳಗೆ ಹೋದ ರಿಬ್ಬನ್ ಇಲ್ಲಿಗೆ ಹೇಗೆ ಬಂತು?

"ಏನ್ ಮೇಡಂ, ಇವತ್ತು ನನ್ನ ಕೆಲಸ ನೀವೇ..." ಹಿಂಬಾಗಿಲಿಂದ ನಗುತ್ತಾ ಬಂದವನ ಮಾತು ಅಲ್ಲಿಗೇ ನಿಂತಿತು. ಅವಳ ಕೈಯಲ್ಲಿದ್ದುದನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಇದು... ಇಲ್ಲಿತ್ತಾ? ಇದನ್ನ ನಾನು ಎಲ್ಲೆಲ್ಲಿ ಹುಡುಕಿದೆ!"

"ಹುಡುಕಿದ್ರಾ?" ಗುಬ್ಬಿಯ ದನಿ ಅವಳಿಗೇ ಗುರುತು ಸಿಗಲಿಲ್ಲ. "ಇದು ನನ್ನ ಅಕ್ಕನದು. ಅಕ್ಕನ ಜೊತೆ ಹೂತಿದ್ದು! ನೀವು ಎಲ್ಲಿ ಎಲೆ ಗುಡಿಸ್ತೀರಿ? ನಿಜ ಹೇಳಿ!"

ಅವನು ತಲೆ ತಗ್ಗಿಸಿದ.

"ಸ್ಮಶಾನದಲ್ಲಿ."

"ಅಂದ್ರೆ... ಅಕ್ಕನ ಗುಂಡಿ ತೋಡಿದ್ರಾ? ಈ ರಾಶಿಯೊಳಗೆ ಇನ್ನೂ ಏನೇನಿದೆ?"

"ಇಲ್ಲ! ದೇವರಾಣೆ ಇಲ್ಲ! ನಾನು ಹೇಳೋದನ್ನ ಸ್ವಲ್ಪ..."

"ಬಾಯಿ ಮುಚ್ಚಿ!" ಕೋಲನ್ನು ಅವನತ್ತ ಚಾಚಿದಳು. "ಹೋಗಿ. ಇನ್ನೊಂದು ಸಲ ಈ ಕಡೆ ತಲೆ ಹಾಕಿದ್ರೆ..."

ಅವನು ಒಮ್ಮೆ ರಿಬ್ಬನ್ನನ್ನು, ಒಮ್ಮೆ ಅವಳನ್ನು ನೋಡಿ, ಚೀಲವನ್ನು ಅಲ್ಲೇ ಬಿಟ್ಟು ಮಂಜಿನೊಳಗೆ ಹೋಗಿಬಿಟ್ಟ.

ಅಡುಗೆಮನೆಗೆ ಓಡಿದ ಗುಬ್ಬಿ ಬೆಂಕಿಪೊಟ್ಟಣಕ್ಕೆ ತಡಕಾಡಿದಳು. "ಅಮ್ಮಾ, ಆ ರಾಶಿ ಸುಟ್ಟುಹಾಕ್ತೀನಿ. ಅವನು ಅಕ್ಕನನ್ನ... ನೋಡಮ್ಮಾ ಇದನ್ನ!"

ರಿಬ್ಬನ್ ನೋಡಿ ಅಮ್ಮ ಕಿರುಚಲಿಲ್ಲ. ಮೆಲ್ಲಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

"ಗುಬ್ಬೀ... ಇದು ಗುಂಡಿಯೊಳಗೆ ಹೋಗಲೇ ಇಲ್ಲ ಕಣೆ."

"ಏನು?"

"ಇಳಿಸುವಾಗ ಒಂದು ಜಡೆ ಬಿಚ್ಚಿಕೊಂಡು ರಿಬ್ಬನ್ ಕೆಳಗೆ ಬಿತ್ತು. ನೀನು ಅಷ್ಟೊತ್ತಿಗೆ ಓಡಿಹೋಗಿದ್ದೆ. ಅಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗ ಅದನ್ನೆತ್ತಿ, ಸಮಾಧಿ ಪಕ್ಕದ ಮರದ ಕೊಂಬೆಗೆ ಕಟ್ಟಿದ. ನಾನು ಹೋದಾಗಲೆಲ್ಲ ಅಲ್ಲೇ ಇರ್ತಿತ್ತು. ಈ ಸಲ ಎಲೆ ಉದುರುವಾಗ ಇದೂ ಉದುರಿ ಚೀಲ ಸೇರಿರಬೇಕು."

"ಆ ಹುಡುಗ..."

"ಹೂಂ, ಇವನೇ. ಉದ್ಯಾನ ಅಂತ ಹೇಳು ಅಂದಿದ್ದೂ ನಾನೇ. ಸ್ಮಶಾನದ್ದು ಅಂದಿದ್ರೆ ನೀನು ಒಂದು ಎಲೆಯನ್ನಾದ್ರೂ ಒಳಗೆ ಬಿಡ್ತಿದ್ಯಾ? ಇಷ್ಟು ವರ್ಷದಲ್ಲಿ ಅಕ್ಕನ ಹತ್ತಿರ ಒಂದು ಸಲ ಹೋಗಿದ್ಯಾ ನೀನು?"

ಗುಬ್ಬಿ ಅಮ್ಮನ ಕೈಯಿಂದ ರಿಬ್ಬನ್ ತೆಗೆದುಕೊಂಡಳು.

ಅಂದು ಅವಳು ಓಡಿದ್ದು ಯಾಕೆಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಅಕ್ಕನಿಗೆ ಚಳಿ ಅಂದರೆ ಆಗುತ್ತಿರಲಿಲ್ಲ. ತಂಗಿಯ ಕಂಬಳಿಯನ್ನೂ ಎಳೆದುಕೊಂಡು ಹೊದೆಯುತ್ತಿದ್ದವಳು. ಅಂಥವಳನ್ನು ಆ ತಣ್ಣನೆಯ ಗುಂಡಿಗೆ ಇಳಿಸುವುದನ್ನು ನೋಡಲಾಗದೆ, "ಬೇಡ! ಅಕ್ಕನಿಗೆ ಚಳಿಯಾಗುತ್ತೆ!" ಎಂದು ಕಿರುಚಿ ಓಡಿದ್ದಳು. ಮತ್ತೆ ಆ ಗೇಟಿನತ್ತ ಮುಖ ಹಾಕಿರಲಿಲ್ಲ.

ಇವತ್ತು ಹಾಕಬೇಕು. ಇಲ್ಲದಿದ್ದರೆ ಅಕ್ಕನ ಜೊತೆಗೆ ಅವನನ್ನೂ ಕಳೆದುಕೊಳ್ಳುತ್ತಾಳೆ.

ರಿಬ್ಬನ್ನನ್ನು ಮುಷ್ಟಿಯಲ್ಲಿ ಹಿಡಿದು ಹೊರಟಳು.

ಸ್ಮಶಾನದ ಗೇಟು ಕಿರ್ರೆಂದು ತೆರೆದುಕೊಂಡಿತು. ಮಂಜು ಇನ್ನೂ ಕರಗಿರಲಿಲ್ಲ. ಬೋಳು ಮರಗಳು, ಕಲ್ಲುಗಳ ಸಾಲು. ಒಂದು ಹಕ್ಕಿಯ ದನಿಯೂ ಇಲ್ಲ! ಎಲ್ಲಾ ಸಮಾಧಿಗಳನ್ನೂ ಒಂದು ಎಲೆ ಉಳಿಯದಂತೆ ಗುಡಿಸಲಾಗಿತ್ತು.

ಒಂದನ್ನು ಬಿಟ್ಟು.

ದೊಡ್ಡ ಮರದ ಕೆಳಗಿದ್ದ ಆ ಒಂದು ಸಮಾಧಿಯ ಮಣ್ಣಿನ ಮೇಲೆ ಮಾತ್ರ ಕಂದು ಎಲೆಗಳ ಹೊದಿಕೆ ಇತ್ತು. ಅಂಚು ಸರಿಯಾಗಿ ಒತ್ತಿ, ಕಾಲಿನ ಕಡೆಗೆ ಮಡಚಿ, ಮಲಗಿದ ಮಗುವಿಗೆ ಕಂಬಳಿ ಹೊದಿಸಿದ ಹಾಗೆ ಮಾಡಿದ್ದರು. ಹೆಸರು ಓದದೆಯೇ ಗುಬ್ಬಿಗೆ ಗೊತ್ತಾಯಿತು. ಮಂಡಿಯೂರಿ ಕುಳಿತಳು.

"ಅಕ್ಕಾ..."

"ಮೇಲಿನವರು ಬಯ್ತಾರೆ, ಇದೊಂದನ್ನ ಯಾಕೆ ಗುಡಿಸಿಲ್ಲ ಅಂತ." ಹಿಂದಿನಿಂದ ಅವನ ದನಿ. ಹತ್ತಿರ ಬರಲಿಲ್ಲ, ಪೊರಕೆ ಹಿಡಿದು ದೂರದಲ್ಲೇ ನಿಂತಿದ್ದ. "ಮರೆತುಹೋಯ್ತು ಅಂತೀನಿ. ಪ್ರತಿ ವರ್ಷ ಮರೀತೀನಿ."

"ಯಾಕೆ?"

"ನೀವೇ ಹೇಳಿದ್ರಲ್ಲ. ಅಕ್ಕನಿಗೆ ಚಳಿಯಾಗುತ್ತೆ ಅಂತ."

ಗುಬ್ಬಿ ಗಕ್ಕನೆ ತಿರುಗಿದಳು.

"ಅವತ್ತು ನನ್ನ ಕೆಲಸದ ಮೊದಲನೇ ದಿನ. ಎಲ್ಲರೂ ಅಳ್ತಿದ್ರು, ನೀವೊಬ್ರೇ ಆ ಮಾತು ಕೂಗಿದ್ದು. ಕಿವಿಯಿಂದ ಹೋಗ್ಲೇ ಇಲ್ಲ. ಇನ್ನೇನು ಮಾಡ್ಲಿ ಅಂತ ಎಲೆ ಹೊದಿಸಿದೆ. ರಿಬ್ಬನ್ ಕಟ್ಟಿಟ್ಟೆ, ಎಂದಾದ್ರೂ ಬಂದ್ರೆ ನಿಮಗೆ ಕಾಣಲಿ ಅಂತ. ನೀವು ಬರಲಿಲ್ಲ. ಅದಕ್ಕೆ... ನಿಮ್ಮಮ್ಮ ಎಲೆ ಕೇಳಿದಾಗ ಈ ಮರದ್ದನ್ನೇ ತಂದೆ. ನೀವು ಬರದಿದ್ರೆ ಅಕ್ಕನ ಮರವಾದ್ರೂ ನಿಮ್ಮ ಹತ್ತಿರ ಬರಲಿ ಅಂತ."

ಗುಬ್ಬಿಗೆ ಅಳು ತಡೆಯಲಾಗಲಿಲ್ಲ. ಅತ್ತಳು. ಆ ದಿನ ಅಳಬೇಕಾದದ್ದನ್ನೆಲ್ಲ ಇಂದು ಬಿಕ್ಕಿ ಬಿಕ್ಕಿ ಅತ್ತಳು. ಅವನು ಪೊರಕೆ ಕೆಳಗಿಟ್ಟು, ಸ್ವಲ್ಪ ಜಾಗ ಬಿಟ್ಟು ಪಕ್ಕದಲ್ಲಿ ಕುಳಿತ.

ಅಳು ಇಳಿದ ಮೇಲೆ ಅವಳು ಹೊದಿಕೆಯ ಕೆಳಗೆ ಮೆಲ್ಲಗೆ ಕೈ ತೂರಿಸಿದಳು. ತೂರಿಸಿದ ಕೈ ಹಾಗೇ ನಿಂತಿತು.

"ಬೆಚ್ಚಗಿದೆ..."

ಅವನು ತಲೆಯಾಡಿಸಿದ. ದನಿ ತಗ್ಗಿತು.

"ದೊಡ್ಡ ರಾಶಿ ಹಾಕಿ, ನೀರು ಚಿಮುಕಿಸಿ ತಿರುವಿದ್ರೆ ಬಿಸಿ ಬರುತ್ತೆ. ಇಷ್ಟು ತೆಳುವಾಗಿ ಹರಡಿದ ಎಲೆಗೆ ಬರಬಾರದು. ಆದರೂ ಪ್ರತಿ ವರ್ಷ ಇದು ಹೀಗೇ. ಯಾಕೆ ಅಂತ ನನಗೂ ಗೊತ್ತಿಲ್ಲ."

ಎಲೆಗಳು ಒಮ್ಮೆ ಸರಸರ ಅಂದವು. ಗಾಳಿ ಇರಲಿಲ್ಲ. ಒಳಗಿದ್ದ ಗುಬ್ಬಿಯ ಕೈಯ ಮೇಲೆ ಎಲೆಯ ಪದರ ತಾನಾಗಿ ಸರಿದು ಹೊದ್ದುಕೊಂಡಿತು.

ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಈ ಸಲ ಹೆದರಿಕೆಯೇ ಆಗಲಿಲ್ಲ.

"ಕಂಬಳಿ ಎಳೆದುಕೊಳ್ಳೋ ಬುದ್ಧಿ ಇನ್ನೂ ಬಿಟ್ಟಿಲ್ಲ ನೋಡಿ ಇವಳು" ಎಂದಳು, ಕಣ್ಣೀರಿನ ನಡುವೆ ನಗುತ್ತಾ.

ಇಬ್ಬರೂ ಸೇರಿ ರಿಬ್ಬನ್ನನ್ನು ಕೊಂಬೆಗೆ ಕಟ್ಟಿದರು. ಗಂಟು ಹಾಕುವಾಗ ಬೆರಳಿಗೆ ಬೆರಳು ತಾಗಿತು. ಯಾರೂ ತೆಗೆಯಲಿಲ್ಲ.

"ಕೋಲು ಹಿಡಿದು ಅಟ್ಟಿಬಿಟ್ಟೆ... ಕ್ಷಮಿಸ್ತೀರಾ?"

"ಸುಳ್ಳು ಹೇಳಿದ್ದು ನಾನು ಮೇಡಂ."

"ಮೇಡಂ ಅಂತೆ ಮೇಡಂ! ಗುಬ್ಬಿ ಅನ್ನಿ."

"ಗುಬ್ಬಿ..." ಅವನು ಆ ಹೆಸರನ್ನು ಎಷ್ಟೋ ದಿನದಿಂದ ಬಾಯೊಳಗೇ ಇಟ್ಟುಕೊಂಡಿದ್ದವನಂತೆ ಹೇಳಿದ. "ನಾಳೆ ಬರಲಾ? ರಾಶಿ ತಿರುವಬೇಕು."

"ಗೊಬ್ಬರ ಆಗೋಕೆ ಇನ್ನೆಷ್ಟು ದಿನ ಬೇಕು?"

"ಈ ಮರದ ಎಲೆ ಗಟ್ಟಿ. ವರ್ಷ ಹಿಡಿಯುತ್ತೆ."

"ಆಮೇಲೆ ಬರೋದು ನಿಲ್ಲಿಸ್ತೀರಾ?"

"ಆಮೇಲೆ ಮತ್ತೆ ಎಲೆ ಉದುರುತ್ತಲ್ಲ!"

"ಎಲೆ ಉದುರದಿದ್ರೂ ಬನ್ನಿ" ಎಂದಳು ಗುಬ್ಬಿ, ಅವನ ಕಣ್ಣು ನೋಡದೆ. "ನನಗೂ ಚಳಿ ಆಗುತ್ತೆ."

ಅವನು ತನ್ನ ಶಾಲು ಬಿಚ್ಚಿ ಅವಳ ಹೆಗಲ ಮೇಲೆ ಹೊದಿಸಿದ. ಅಂಚನ್ನು ಸರಿಯಾಗಿ ಒತ್ತಿದ.

"ಈಗ?"

"ಬೆಚ್ಚಗಿದೆ."