ಕತ್ತರಿಸಿದ ಹಾಸು

ಬಾಗಿಲು ತೆರೆದ ಶಿಕ್ಷಕಿ ರಾಜೇಶ್ವರಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು. ಶಿಕಾರಿಪುರದ ನೇಯ್ಗೆ ತರಬೇತಿ ಕೇಂದ್ರದ ನಾಲ್ಕೂ ಮಗ್ಗಗಳಲ್ಲಿ ಅರ್ಧ ನೇಯ್ದಿದ್ದ ಬಟ್ಟೆಯನ್ನು ಯಾರೋ ಕತ್ತರಿಸಿ ಚೆಲ್ಲಿದ್ದರು.

೧೯೫೮ರ ಸುಗ್ಗಿಯ ಕಾಲ. ಮುಂದಿನ ವಾರವೇ ಪರೀಕ್ಷೆ. ಇಡೀ ಬಟ್ಟೆ ತೋರಿಸದಿದ್ದರೆ ಕಲಿಯುವ ನಾಲ್ವರಲ್ಲಿ ಯಾರಿಗೂ ಸರ್ಟಿಫಿಕೇಟ್ ಇಲ್ಲ. ಮತ್ತೆ ಮೂರು ತಿಂಗಳು ಇಲ್ಲೇ ಕಲಿಯಬೇಕು.

ಹಿಂದಿನ ಕೋಣೆಯಲ್ಲಿ ಉಳಿದುಕೊಂಡಿದ್ದ ಹೂವಮ್ಮ ಓಡಿಬಂದಳು. ಸೊರಬ ಕಡೆಯ ಕುಪ್ಪಗಡ್ಡೆಯವಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಕೆಲಸದಲ್ಲಿ ಎಲ್ಲರಿಗಿಂತ ಮುಂದು. ತನ್ನ ಮಗ್ಗ ನೋಡಿ ಸೆರಗು ಬಾಯಿಗೊತ್ತಿಕೊಂಡಳು.

* * *

ದಫೇದಾರ್ ಆನಂದಪ್ಪ ಹೆಚ್ಚು ಯೋಚಿಸಲಿಲ್ಲ. ಹಿಂದಿನ ಸಂಜೆ ತಾಳಗುಂದದ ಪುಟ್ಟಪ್ಪ ಇಲ್ಲಿ ಕಲಿಯುತ್ತಿದ್ದ ಸೊಸೆ ವೀರಮ್ಮನನ್ನು ಕರೆದೊಯ್ಯಲು ಬಂದವನು, "ಈ ಮಗ್ಗಾನೆಲ್ಲ ಕೊಯ್ದು ಹಾಕ್ತೀನಿ!" ಎಂದು ಕೂಗಾಡಿದ್ದ. ಮಧ್ಯಾಹ್ನದೊಳಗೆ ಅವನು ಠಾಣೆಯ ಕಂಬಿಯ ಹಿಂದಿದ್ದ.

"ಸೊಂಟದಾಗ ಕುಡುಗೋಲು ಇತ್ತಲ್ಲೋ?" ಎಂದ ಆನಂದಪ್ಪ.

"ರೈತ ಛತ್ರಿ ಸಿಗಿಸ್ಕೊಂಡು ತಿರುಗ್ತಾನೇನ್ರಿ? ಬಾಯಾಗ ಅಂದಿದ್ದೆಲ್ಲ ಮಾಡೋದಾಗಿದ್ರೆ ನಮ್ಮ ಎತ್ತು ಎಂದೋ ಸಾಯಬೇಕಿತ್ತು!"

ಆಮೇಲೆ ಪುಟ್ಟಪ್ಪ ಠಾಣೆಗೆ ಬಂದಿದ್ದ ರಾಜೇಶ್ವರಮ್ಮನ ಕಡೆ ತಿರುಗಿದ. "ನನ್ ಸೊಸೆ ಕಲಿತು ಎಲ್ಲಿ ನೇಯ್ತಾಳೆ ಅಕ್ಕೋರೆ? ನಮ್ಮನೇಲಿ ಮಗ್ಗ ಐತಾ? ನೀವು ಕೊಡ್ತೀರಾ?"

ಕೈಗೆ ಕಸುಬು ಬಂದರೆ ಮನೆ ಏಳಿಗೆಯಾಗುತ್ತದೆ ಎಂದು ಊರೂರು ತಿರುಗಿ ಹೇಳಿದ್ದವರು ಅವರೇ. ಈಗ ಸೆರಗು ಹೊದ್ದು ಠಾಣೆಯಿಂದ ಹೊರನಡೆದರು.

* * *

ರಾಜೇಶ್ವರಮ್ಮ ಕೇಂದ್ರಕ್ಕೆ ಮರಳಿ ಬಂದು ಮಗ್ಗದ ಮುಂದೆ ಕುಳಿತರು. ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಹಣಿಗೆಯಿಂದ ಒಂದು ಎಳೆಯೂ ಜಾರಿರಲಿಲ್ಲ. ಕತ್ತರಿಸಿದ ತುದಿಗಳನ್ನೆಲ್ಲ ಗೊಂಚಲು ಮಾಡಿ ಗಂಟು ಹಾಕಲಾಗಿತ್ತು. ನಾಲ್ಕೂ ಮಗ್ಗಗಳಲ್ಲಿ!

ಸಿಟ್ಟಿನಿಂದ ಕೊಯ್ದವನಿಗೆ ಇಷ್ಟು ತಾಳ್ಮೆ ಎಲ್ಲಿಯದು?

"ಬಟ್ಟೆ ಕತ್ತರಿಸಿದ ಕೂಡಲೇ ಗಂಟು ಹಾಕಿ. ಎಳೆ ಜಾರಿದರೆ ಮತ್ತೆ ಪೋಣಿಸಲು ದಿನಗಟ್ಟಲೆ ಬೇಕು" ಎಂದು ಕಲಿಸಿದವರು ತಾವೇ. ಕಲಿತವರಲ್ಲಿ ಮೂವರು ಸಂಜೆಯೇ ಊರಿಗೆ ಹೋಗಿದ್ದರು. ಉಳಿದವಳು ಒಬ್ಬಳೇ.

* * *

"ಹೂವಮ್ಮ, ಗಂಟು ಯಾಕೆ ಹಾಕಿದೆ?"

ಅವಳು ತಲೆ ತಗ್ಗಿಸಿದಳು. "ಹಾಗೇ ಬಿಡೋಕೆ ಮನಸ್ಸು ಬರ್ಲಿಲ್ಲ ಅಕ್ಕೋರೆ. ಕೈ ತಾನಾಗೇ ಹೋಯ್ತು."

"ನೀನು ಪಾಸಾಗೋಳಲ್ವೇನೇ?"

"ಪಾಸಾದ್ರೆ ಅಣ್ಣನ ಮನೆಗೆ ಹೋಗ್ಬೇಕಲ್ದಾ? ಅಲ್ಲಿ ನಂಗೆ ಕೊಟ್ಟಿಗೆ ಕೆಲಸ. ಹೋದ ಸಲ ಪಾಸಾದ ಗುತ್ಯಮ್ಮ ಈಗ ಏನು ನೇಯ್ತಾಳೆ, ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ಒಮ್ಮೆಯೂ ಕೇಳಿರಲಿಲ್ಲ.

"ಇಲ್ಲಿ ಎಲ್ರೂ ಹೆಸರು ಹಿಡಿದು ಕರೀತಾರೆ. ಇನ್ನು ಮೂರು ತಿಂಗಳು ಸಿಕ್ರೆ ಸಾಕು ಅಂದ್ಕೊಂಡೆ. ನಂದೊಂದೇ ಕೊಯ್ದ್ರೆ ಗೊತ್ತಾಗ್ತದೆ ಅಂತ ನಾಲ್ಕೂ ಕೊಯ್ದೆ."

"ಪುಟ್ಟಪ್ಪ ಠಾಣೆಯಲ್ಲಿದ್ದಾನೆ."

"ಅವರನ್ನ ಹಿಡೀತಾರೆ ಅಂತ ಎಣಿಸಿರ್ಲಿಲ್ಲ." ಸೆರಗು ಕೊಡವಿ ಎದ್ದಳು. "ನಡೀರಿ, ನಾನೇ ಹೇಳ್ತೀನಿ."

* * *

ಠಾಣೆಯಲ್ಲಿ ಹೂವಮ್ಮ ತಪ್ಪು ಒಪ್ಪಿಕೊಂಡಳು; ರಾಜೇಶ್ವರಮ್ಮ ಗಂಟಿನ ಕತೆ ವಿವರಿಸಿದರು. ಆನಂದಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಕೇಸು ಬೇಡ. ಆದ್ರೆ ಸರ್ಕಾರದ ಸೊತ್ತು ರೀ. ಇನ್ನು ಇವಳು ಕೇಂದ್ರದಾಗ ಇರೋ ಹಾಗಿಲ್ಲ."

ಹೊರಬಂದ ಪುಟ್ಟಪ್ಪ ಬೈಯುತ್ತಾನೆಂದೇ ಎಲ್ಲರೂ ಕಾದರು. ಅವನು ಹೂವಮ್ಮನ ಮುಖ ನೋಡಿದ. "ಹುಚ್ಚು ಹುಡುಗಿ! ಊಟ ಆಗೇತೇನವ್ವಾ?" ಎಂದ.

ಅಲ್ಲಿಯವರೆಗೆ ಅಳದ ಹೂವಮ್ಮ ಆಗ ಅತ್ತಳು.

ಹೂವಮ್ಮ ಹತ್ತಿದ ಸೊರಬದ ಬಸ್ಸು ಹೋದ ಮೇಲೆ ರಾಜೇಶ್ವರಮ್ಮ ಅವಳ ಮಗ್ಗದ ಬಳಿ ಕುಳಿತು ಒಂದು ಗಂಟಿನ ತುದಿ ಎಳೆದರು. ಕಲಿಸಿದ ಹಾಗೆಯೇ, ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು.

ಎರಡನೆಯದಕ್ಕೆ ಕೈ ಏಳಲಿಲ್ಲ.